‘ಉದ್ಧರಿಸು’ ಎಂಬ ಕ್ರಿಯಾಪದ

ಜೀರ್ಣೋದ್ಧಾರದ ವಿಜ್ಞಾಪನಪತ್ರವೊಂದು ಬಾರದೆ ನಮ್ಮ ಮನೆಗಳಲ್ಲಿ ವರ್ಷ ಕಳೆಯುವುದಿಲ್ಲ. ಯಥಾಶಕ್ತಿ ಕಾಣಿಕೆಯನ್ನು ಸಲ್ಲಿಸಿ ಕೃತಾರ್ಥರಾದೆವೆಂದು ಭಾವಿಸುತ್ತೇವೆ. ಆದರೆ ಇಲ್ಲಿ ಉದ್ಧಾರವಾಗುವುದು ಯಾವುದು, ಉದ್ಧರಿಸುವವರು ಯಾರು ಎಂಬುದನ್ನು ವಿಚಾರಿಸುವವರು ವಿರಳ.

ಸಂಸ್ಕೃತದ ‘ಹೃ’ ಧಾತುವಿಗೆ ಒಯ್ಯುವುದು, ಕಳೆಯುವುದು ಎಂಬ ಅರ್ಥಗಳಿವೆ. ಉಪಸರ್ಗವು ಬದಲಾದಂತೆ ಅದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರಗಳು ಹುಟ್ಟುವುದನ್ನು ಪಾಠಶಾಲೆಯ ಬಾಲಕರೂ ಬಲ್ಲರು. (ಪಾಪಗಳನ್ನು ಅಪಹರಿಸುವ ಶ್ರೀಹರಿಯ ನಾಮವೂ ಇದೇ ಧಾತುವಿನದು.) ‘ಉತ್’ ಸೇರಿದಾಗ ಮೇಲಕ್ಕೆತ್ತುವುದು, ಹೊರಕ್ಕೆ ತೆಗೆಯುವುದು ಎಂದಾಗುತ್ತದೆ. ಪಂಚಪಾತ್ರೆಯಿಂದ ನೀರೆತ್ತುವ ಸಾಧನಕ್ಕೆ ಉದ್ಧರಣೆ ಎಂಬ ಹೆಸರು ಬಂದದ್ದು ಹೀಗೆಯೇ. ಗ್ರಂಥದಿಂದ ವಾಕ್ಯವನ್ನು ಎತ್ತಿ ಹೇಳುವುದೂ ಉದ್ಧರಿಸುವುದೇ. ಎತ್ತಿದ ನೀರು ಪಾತ್ರೆಯಲ್ಲಿದ್ದ ನೀರೇ. ವಾಕ್ಯದಲ್ಲಿ ಒಂದಕ್ಷರ ಬದಲಿಸಿದರೂ ಅದು ಉದ್ಧರಣವೆನಿಸದು. ವರಾಹರೂಪಿ ಭಗವಂತನು ಮುಳುಗಿದ್ದ ಭೂಮಿಯನ್ನೇ ಎತ್ತಿ ತಂದನಲ್ಲದೆ ಮತ್ತೊಂದನ್ನು ನಿರ್ಮಿಸಲಿಲ್ಲ.

ಹೀಗಿರಲು, ಗಟ್ಟಿಯಾಗಿರುವ ಶಿಲಾಸ್ತಂಭಗಳನ್ನು ಕಿತ್ತು ಕಾಂಕ್ರೀಟಿನ ಕಂಬಗಳನ್ನು ನಿಲ್ಲಿಸುವುದೂ, ಸವೆದು ನುಣುಪಾದ ಹಾಸುಗಲ್ಲುಗಳನ್ನು ಟೈಲ್ಸಿನಿಂದ ಮುಚ್ಚುವುದೂ ಯಾವ ಉದ್ಧಾರ? ಜೀರ್ಣವೇ ಆಗದಿದ್ದುದನ್ನು ಉದ್ಧರಿಸುವುದೆಂತು?

ಹಾಗಾದರೆ ಗೆದ್ದಲು ತಿಂದ ತೊಲೆಯನ್ನು ಬದಲಿಸಬಾರದೇ ಎಂದು ಕೇಳಬಹುದು. ಬದಲಿಸಲೇಬೇಕು. ಅದಕ್ಕೆ ಶಾಸ್ತ್ರವೇ ಮಾರ್ಗವನ್ನು ತೋರಿಸಿದೆ. ಕಾರ್ಯಾರಂಭಕ್ಕೆ ಮುನ್ನ ಬಿಂಬದ ಸನ್ನಿಧಾನವನ್ನು ಕಲಶದಲ್ಲಿ ಆವಾಹಿಸಿ, ಬಾಲಾಲಯದಲ್ಲಿ ಪೂಜೆಯನ್ನು ಮುಂದುವರಿಸಿ, ಎಲ್ಲವೂ ಮುಗಿದ ಮೇಲೆ ಗರ್ಭಗೃಹಕ್ಕೆ ಮರಳಿಸುತ್ತಾರೆ. ಮರ, ಕಲ್ಲು, ಹೆಂಚುಗಳು ಬದಲಾದರೂ ಪೂಜೆಯು ಕಡಿಯಬಾರದೆಂದೇ ಈ ಏರ್ಪಾಡು. ಎತ್ತಿ ಉಳಿಸಬೇಕಾದ ವಸ್ತು ಅದು. ಲಕ್ಷಗಟ್ಟಲೆ ವೆಚ್ಚದಿಂದ ಬ್ರಹ್ಮಕಲಶವು ಜರುಗಿ ವರ್ಷ ತುಂಬುವುದರೊಳಗೆ ನಂದಾದೀಪದ ಎಣ್ಣೆಗಾಗಿ ಅರ್ಚಕನು ಮನೆಮನೆಗೆ ಅಲೆಯುವಂತಾದರೆ, ಗೋಪುರವು ಎದ್ದಿತು, ದೇವಾಲಯವು ಏಳಲಿಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿದ ನಮ್ಮ ಈ ಮಾತು ಪಕ್ಷಪಾತದ್ದೆಂದು ತೋರಿದರೂ ಹೇಳದಿರಲಾರೆವು.

ಇನ್ನು ಕರ್ತೃವಿನ ವಿಚಾರ. ಗೀತೆಯ ಆರನೆಯ ಅಧ್ಯಾಯವು ತನ್ನನ್ನು ತಾನು ಉದ್ಧರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಹನ್ನೆರಡನೆಯದರಲ್ಲಿ ಭಕ್ತರನ್ನು ಸಂಸಾರಸಾಗರದಿಂದ ಎತ್ತುವವನು ತಾನೆಂದು ಶ್ರೀಕೃಷ್ಣನು ಸಾರುತ್ತಾನೆ. ಜೀವನ ಪ್ರಯತ್ನವೂ ಸ್ವತಂತ್ರನಾದ ಅವನ ಅಧೀನವೆನ್ನುವ ನಮ್ಮ ಸಿದ್ಧಾಂತದಲ್ಲಿ ಇವೆರಡಕ್ಕೂ ವಿರೋಧವಿಲ್ಲ. ಎರಡೆಡೆಯಲ್ಲೂ ಮೇಲೇರಬೇಕಾದವನು ಜೀವನು. ಆದುದರಿಂದ ‘ನಮ್ಮೂರ ದೇವರನ್ನು ನಾವು ಉದ್ಧಾರ ಮಾಡಿದೆವು’ ಎಂದು ಸಭೆಗಳಲ್ಲಿ ಕೇಳಿಬರುವ ಮಾತು, ಸದ್ಭಾವದಿಂದ ಆಡಿದ್ದಾದರೂ, ಕರ್ತೃಕರ್ಮಗಳನ್ನು ತಲೆಕೆಳಗು ಮಾಡುತ್ತದೆ. 2019ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ಆನೆಗೊಂದಿಯ ನವವೃಂದಾವನದಲ್ಲಿ ಶ್ರೀವ್ಯಾಸರಾಜರ ವೃಂದಾವನವನ್ನು ಕೆಡವಿದಾಗ, ಯತಿಗಳೂ ಭಕ್ತರೂ ತುಂಗಭದ್ರೆಯ ನಡುಗಡ್ಡೆಗೆ ಧಾವಿಸಿ ಕೆಲವೇ ದಿನಗಳಲ್ಲಿ ಅದನ್ನು ಮರಳಿ ನಿಲ್ಲಿಸಿದರು. ಅವರು ಗುರುಗಳನ್ನು ಉದ್ಧರಿಸಿದರೆಂದು ನಾವಾರೂ ಹೇಳುವುದಿಲ್ಲ, ಗುರುಸೇವೆಯನ್ನು ಮಾಡಿದರೆನ್ನುತ್ತೇವೆ.

ಹೊಸದಾಗಿ ಕಟ್ಟುವುದು ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಹಾಗೆ ಕಟ್ಟುವಲ್ಲಿ ಪತ್ರಿಕೆಯಲ್ಲಿ ‘ನೂತನ ನಿರ್ಮಾಣ’ ಎಂದೇ ಅಚ್ಚಾಗಲಿ, ಅದರಲ್ಲಿ ಅಗೌರವವೇನೂ ಇಲ್ಲ. ಜೀರ್ಣೋದ್ಧಾರವೆಂದು ಬರೆದಲ್ಲಿ, ಅಂದಾಜುಪಟ್ಟಿಯ ಸಿಮೆಂಟು ಕಬ್ಬಿಣಗಳ ಸಾಲಿಗೂ ಮೊದಲು ನಿತ್ಯಪೂಜೆಯ ಶಾಶ್ವತ ನಿಧಿಗೆ ಒಂದು ಸಾಲಿರಲಿ.