ಬೀದಿಯಲ್ಲಿ ಬಂದ ನನ್ನ ದನಿ

ನಮ್ಮ ತಾಯಿಯವರಿಗೆ ಕಿವಿ ಮಂದವಾಗಿ ಏಳೆಂಟು ವರ್ಷಗಳಾದವು. ಪಕ್ಕದಲ್ಲಿ ಕುಳಿತು ಕೂಗಿ ಹೇಳಿದರೂ ಅರ್ಧ ಮಾತು ಮುಟ್ಟುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ. ಆದರೆ ಹೊನ್ನಾಳಿಯ ನಮ್ಮ ಮನೆಯ ಮುಂದೆ ಮೈಕು ಕಟ್ಟಿದ ಆಟೋ ಹಾದುಹೋದರೆ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ. ಎಲ್ಲಿ ಸೀರೆಗೆ ರಿಯಾಯಿತಿ, ಎಲ್ಲಿ ಕಣ್ಣಿನ ತಪಾಸಣೆ, ಯಾವ ದಿನ ಕರೆಂಟು ಇರುವುದಿಲ್ಲ ಎಂಬುದನ್ನೆಲ್ಲ ಮನೆಗೆ ಬಂದವರಿಗೆ ಅವರೇ ಹೇಳುತ್ತಾರೆ. ಒಮ್ಮೆ ಊಟಕ್ಕೆ ಕುಳಿತಾಗ, ಈ ಆಟೋಗಳನ್ನು ಪೂರ್ತಿ ನಿಲ್ಲಿಸಿಬಿಡಬೇಕು ಎಂದು ನಾನು ಗೊಣಗಿದೆ. ಅದು ಮಾತ್ರ ಹೇಗೋ ಅವರಿಗೆ ಕೇಳಿಸಿಬಿಟ್ಟಿತು. "ಅದೂ ನಿಂತ್ರೆ ನಾನು ಯಾರ ಮಾತು ಕೇಳ್ಲಪ್ಪಾ?" ಎಂದರು.

ಅಂದಿನಿಂದ ಈ ವಿಷಯದಲ್ಲಿ ಖಂಡಿತವಾಗಿ ಮಾತನಾಡುವ ಧೈರ್ಯ ನನಗೆ ಕುಗ್ಗಿದೆ. ಆದರೂ ಪ್ರಶ್ನೆ ಬಿಡುವುದಿಲ್ಲ. ಬೀದಿ ಎಲ್ಲರದು ಎನ್ನುತ್ತೇವೆ. ಹಾಗೆಂದರೆ ನಡೆಯುವ ಹಕ್ಕು ಎಲ್ಲರದು ಎಂದಷ್ಟೇ ಅರ್ಥವೋ, ಅಥವಾ ನಡೆಯುವವರ ಕಣ್ಣು ಕಿವಿಗಳ ಮೇಲೂ ಎಲ್ಲರಿಗೂ ಹಕ್ಕಿದೆಯೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ದಾವಣಗೆರೆ ಜಿಲ್ಲೆಯ ಸಣ್ಣ ಊರುಗಳು. 1997ರಲ್ಲಿ ಜಿಲ್ಲೆಯಾದಾಗ ಮೊದಲೆರಡು ತಾಲ್ಲೂಕುಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ಅಡಿಕೆಯ ದುಡ್ಡು ಕೈಗೆ ಬರುವ ಕಾಲಕ್ಕೆ ಚನ್ನಗಿರಿಯಲ್ಲಿ ಬಂಗಾರ ಮತ್ತು ಬೈಕುಗಳ ಫಲಕ ಹೊತ್ತ ಗಾಡಿಗಳು ಹೊರಡುತ್ತವೆ. ಮಳೆಗಾಲಕ್ಕೆ ಮುಂಚೆ ಜಗಳೂರಿನ ಕಡೆ ಬಿತ್ತನೆ ಬೀಜದ ಗಾಡಿಗಳು. ಊರಿನ ಜೇಬನ್ನು ಊರಿನ ಗಣಿತದ ಮೇಷ್ಟರಿಗಿಂತ ಚೆನ್ನಾಗಿ ಈ ಗಾಡಿಗಳು ಬಲ್ಲವು!

ಇದು ಹೊಸ ಪೀಡೆಯೆಂದು ಹೇಳುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನು ಓಣಿ ಓಣಿ ತಿರುಗುತ್ತಿದ್ದ. ನಾಟಕ ಕಂಪನಿ ಬಂದರೆ, ಟೆಂಟಿನಲ್ಲಿ ಹೊಸ ಸಿನಿಮಾ ಬಂದರೆ, ಗಾಡಿಯ ಎರಡು ಮಗ್ಗುಲಿಗೆ ಚಿತ್ರ ಕಟ್ಟಿಕೊಂಡು ಬರುತ್ತಿದ್ದರು. ಅವರು ತೂರಿದ ಬಣ್ಣದ ಕಾಗದಗಳಿಗಾಗಿ ನಾವು ಹುಡುಗರು ಧೂಳಿನಲ್ಲಿ ಬಿದ್ದು ಎದ್ದಿದ್ದೇವೆ. ಆದರೆ ಡಂಗುರದವನು ನಿಲ್ಲುತ್ತಿದ್ದ. ಯಾವ ಸೋಮವಾರ, ಯಾವ ಹೊತ್ತಿಗೆ ಎಂದು ಅಜ್ಜಿಯೊಬ್ಬಳು ಕೇಳಿದರೆ ಉತ್ತರ ಹೇಳುತ್ತಿದ್ದ. ಮನೆಯಲ್ಲಿ ಸಾವಾಗಿದ್ದರೆ ತಮಟೆ ಬಗಲಿಗೆ ಸಿಕ್ಕಿಸಿಕೊಂಡು ಸುಮ್ಮನೆ ದಾಟುತ್ತಿದ್ದ. ಇಂದಿನ ಗಾಡಿಯ ದನಿ ಎಲ್ಲೋ ಮುದ್ರಿತವಾದದ್ದು; ಅದಕ್ಕೆ ಮನೆಯ ಮುಂದೆ ಉರಿಯುವ ಬೆಂಕಿ ಕಾಣುವುದಿಲ್ಲ. ಒಬ್ಬ ಚಾಲಕನ ಕಿವಿಯಲ್ಲಿ ಹತ್ತಿ ತುರುಕಿದ್ದನ್ನು ನಾನೇ ನೋಡಿದ್ದೇನೆ. ಸಾರುವವನೇ ಕೇಳಲಾರದ ಸಾರಿಕೆ!

ಕಾನೂನು ಇಲ್ಲದಿಲ್ಲ. 1964ರ ಪುರಸಭೆಗಳ ಅಧಿನಿಯಮವಿದೆ. 1981ರಲ್ಲಿ ಬಹಿರಂಗ ಸ್ಥಳಗಳ ವಿರೂಪವನ್ನು ತಡೆಯುವ ಅಧಿನಿಯಮ ಬಂತು. ಅದರ ಕಣ್ಣು ಮುಖ್ಯವಾಗಿ ಗೋಡೆ, ಕಂಬ, ಮರ, ಬೇಲಿಗಳ ಮೇಲೆ. ಓಡುವ ಗೋಡೆಯನ್ನು ಹಿಡಿಯುವುದು ಕಷ್ಟ. ಶಬ್ದಕ್ಕೆ 2000ದ ಕೇಂದ್ರ ನಿಯಮಗಳಿವೆ: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕೂಗುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿ. 2016ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು.

ಹೀಗಿದ್ದೂ ಕಾನೂನು ಬಾಯಿ ಬಿಡದಿರುವುದಕ್ಕೆ ಕಾರಣವೇನೆಂದರೆ, ಕಟ್ಟಳೆ ವಿಧಿಸತಕ್ಕವರೇ ಬೀದಿಯಲ್ಲಿ ಕೂಗುತ್ತಿದ್ದಾರೆ. ಬೆಳಗಾದರೆ ಕಸದ ಗಾಡಿ ಸ್ವಚ್ಛತೆಯ ಹಾಡು ಹಾಡಿಕೊಂಡು ಬರುತ್ತದೆ. ಸರ್ಕಾರಿ ಬಸ್ಸುಗಳ ಮೈತುಂಬ ಜಾಹೀರಾತು. ಇನ್ನು ಚುನಾವಣೆಯ ಮಾತು ಬೇಡ.

ಈ ಪ್ರಶ್ನೆ ದೂರದ ನ್ಯೂಯಾರ್ಕಿನಲ್ಲೂ ಎದ್ದಿತ್ತು. ವಾಹನದ ಮಾಲೀಕ ತನ್ನ ಸ್ವಂತ ವ್ಯಾಪಾರದ ಹೆಸರನ್ನು ಬರೆಸಿಕೊಳ್ಳಬಹುದು, ಬಾಡಿಗೆಗೆ ಇತರರ ಜಾಹೀರಾತನ್ನು ಹೊರಬಾರದು ಎಂದು ಆ ನಗರ ನಿಯಮ ಮಾಡಿತ್ತು. ಇತರರ ಜಾಹೀರಾತು ಹೊತ್ತ ಲಾರಿಗಳ ಕಂಪನಿಯೊಂದು, ಎರಡೂ ದಾರಿಹೋಕರ ಕಣ್ಣನ್ನು ಒಂದೇ ಸಮ ಸೆಳೆಯುತ್ತವಲ್ಲ, ನಮಗೆ ಮಾತ್ರ ಶಿಕ್ಷೆಯೇಕೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1949ರಲ್ಲಿ ನಗರದ ನಿಯಮವೇ ಗೆದ್ದಿತು. ಆ ತೀರ್ಪಿಗೆ ಸಮ್ಮತಿಸಿದರೂ ನ್ಯಾಯಮೂರ್ತಿ ಜಾಕ್ಸನ್ ಬೇರೆಯಾಗಿ ಒಂದು ಅಭಿಪ್ರಾಯ ಬರೆದರು. ಕೆಲವರ ಮೇಲೆ ಹೊರಿಸುವ ಕಟ್ಟಳೆಯನ್ನು ಎಲ್ಲರ ಮೇಲೂ ಹೊರಿಸಬೇಕಾಗಿ ಬಂದರೆ ಆಳುವವರು ತಾವಾಗಿಯೇ ಹದ ತಪ್ಪುವುದಿಲ್ಲ ಎಂಬುದು ಅದರ ಸಾರ. ಓದಿದಾಗ ನನಗೆ ನೆನಪಾದದ್ದು ನಮ್ಮ ಕಸದ ಗಾಡಿ. ಅದಕ್ಕೂ ಅನ್ವಯಿಸುವಂಥ ನಿಯಮವನ್ನು ಮಾಡಿದರೆ ಮಾತ್ರ ಉಳಿದ ಗಾಡಿಗಳನ್ನು ತಡೆಯುವ ಮುಖ ನಮಗೆ ಬರುತ್ತದೆ ಎಂದು ನನಗೆ ತೋರುತ್ತದೆ.

ಮುಖದ ಮಾತು ಬಂದದ್ದರಿಂದ ನನ್ನದನ್ನೂ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಗೆಳೆಯರು ಒಂದು ಕವಿಗೋಷ್ಠಿ ಏರ್ಪಡಿಸಿದೆವು. ಕವಿಗೋಷ್ಠಿಗೆ ಜನ ಬರುವುದಿಲ್ಲವೆಂಬುದು ಲೋಕವಿದಿತ. ಆದ್ದರಿಂದ ಒಂದು ಆಟೋ ಗೊತ್ತುಮಾಡಿ, ಎರಡು ಪಕ್ಕಕ್ಕೂ ಕವಿಗಳ ಭಾವಚಿತ್ರದ ಫ್ಲೆಕ್ಸ್ ಕಟ್ಟಿಸಿದೆವು. ನಿಷೇಧದ ವಿಷಯ ತಿಳಿದಿತ್ತು. ಸಾಹಿತ್ಯಕ್ಕೆ ಅದು ಅನ್ವಯಿಸುವುದಿಲ್ಲವೆಂದು ಮನಸ್ಸು ಹೇಗೋ ಒಪ್ಪಿಕೊಂಡಿತ್ತು. ಸಾರಬೇಕಾದ ಮಾತನ್ನು ಬರೆದವನು ನಾನು, ಓದಿ ಮುದ್ರಿಸಿಕೊಟ್ಟವನೂ ನಾನು. ಎರಡನೆಯ ದಿನ ತರಗತಿಯಲ್ಲಿ ಪಂಪನ ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟು ನಿಲ್ಲುವ ಭಾಗವನ್ನು ಪಾಠ ಮಾಡುತ್ತಿದ್ದೆ. ಕಿಟಕಿಯಾಚೆಯಿಂದ ನನ್ನದೇ ದನಿ, ನನಗಿಂತ ಹತ್ತು ಪಾಲು ದೊಡ್ಡದಾಗಿ, "ಬನ್ನಿ, ಕೇಳಿ, ಆನಂದಿಸಿ" ಎನ್ನುತ್ತ ಬಂತು. ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಅದು ದಾಟುವವರೆಗೆ ಬಾಹುಬಲಿಯನ್ನು ನಿಲ್ಲಿಸಿಕೊಂಡೇ ಇರಬೇಕಾಯಿತು. ನನ್ನ ಮಾತನ್ನು ನಾನೇ ತಡೆಯಲಾರದೆ ನಿಂತದ್ದು ಅದೇ ಮೊದಲು.

ಮರುದಿನ ಅನುಮತಿ ಇಲ್ಲವೆಂದು ಆಟೋವನ್ನು ತಡೆದು ದಂಡ ಹಾಕಿದರು. ಕೂಗಿದ ಬಾಯಿ ನನ್ನದು, ದಂಡ ತೆತ್ತವನು ಚಾಲಕ. ನಮ್ಮ ಗೆಳೆಯರನ್ನು ಕೇಳಿದರೆ, ಅನುಮತಿ ನೋಡಿಕೊಳ್ಳುವುದು ಬಾಡಿಗೆಯವನ ಕೆಲಸ ಎಂದರು. ಅವರಲ್ಲಿ ಇಬ್ಬರು ಆ ಸಂಜೆ ಶ್ರಮಜೀವಿಯನ್ನು ಕುರಿತು ಕವಿತೆ ಓದುವವರಿದ್ದರು.

ರಾತ್ರಿ ನಾನು ಅವನ ಮನೆ ಹುಡುಕಿಕೊಂಡು ಹೋಗಿ ದಂಡದ ಹಣವನ್ನು ಮುಂದಿಟ್ಟೆ. ಅವನು ಎಣಿಸಿ ಅರ್ಧವನ್ನು ವಾಪಸು ಕೊಟ್ಟ.

"ಅರ್ಧ ಸಾಕು ಬಿಡ್ರಿ ಸಾರ್. ಕಾಲೇಜಿನ ಮುಂದೆ ಮೈಕ್ ಹಾಕಬಾರ್ದು ಅಂತ ನನಗೂ ಗೊತ್ತಿತ್ತು. ನಿಮ್ಮ ಹುಡುಗ್ರು ನಿಮ್ಮ ದನಿ ಕೇಳ್ಲಿ ಅಂತ ಆ ಕಡೆ ತಿರುಗಿಸ್ದೆ."