ತ್ಯಾಗಪತ್ರವೂ ತೌರುಮನೆಗೆ ಕಳುಹಿಸಲ್ಪಟ್ಟವಳೂ

ಓದತಕ್ಕ ಭಾಗ: ಮತ್ತಾಯನ ಸುವಾರ್ತೆ, 19ನೆಯ ಅಧ್ಯಾಯ, 3ರಿಂದ 9ನೆಯ ವಚನಗಳು.



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಭೆಗಳಲ್ಲಿ ಹಿರಿಯರು ಹೀಗೆ ಹೇಳಿಕೊಳ್ಳುವದುಂಟು: ಪಟ್ಟಣದವರಲ್ಲಿ ವಿವಾಹವಿಚ್ಛೇದನವು ಹೆಚ್ಚಿತು, ಪಶ್ಚಿಮ ದೇಶಗಳಲ್ಲಂತೂ ಹೇಳತೀರದು, ನಮ್ಮ ಸಭೆಯಲ್ಲಾದರೋ ಒಂದೂ ಇಲ್ಲ, ದೇವರಿಗೆ ಸ್ತೋತ್ರ. ಈ ಸ್ತೋತ್ರವನ್ನು ಸಲ್ಲಿಸುವದಕ್ಕೆ ಮುಂಚೆ ಲೆಕ್ಕವನ್ನು ಸ್ವಲ್ಪ ನೋಡೋಣ.

2011ನೆಯ ಇಸವಿಯ ಜನಗಣತಿಯಲ್ಲಿ, ವಿಚ್ಛೇದನ ಹೊಂದಿದವರೆಂದು ಬರೆಯಿಸಿಕೊಂಡವರು ಇಂಡಿಯಾ ದೇಶದಲ್ಲೆಲ್ಲಾ ಸುಮಾರು 13 ಲಕ್ಷ 60 ಸಾವಿರ ಮಂದಿ. ಮದುವೆಯಾದವರೊಳಗೆ ಇದು ಸಾವಿರಕ್ಕೆ ಇಬ್ಬರು ಮೂವರಿಗಿಂತ ಹೆಚ್ಚಲ್ಲ. ಆದರೆ ಅದೇ ಗಣತಿಯಲ್ಲಿ ಮತ್ತೊಂದು ಸಾಲು ಉಂಟು. ವಿಚ್ಛೇದನವಿಲ್ಲದೆ ಬೇರೆಯಾಗಿ ವಾಸಿಸುವವರು ಸುಮಾರು 35 ಲಕ್ಷ! ಎರಡು ಸಾಲುಗಳಲ್ಲಿಯೂ ಹೆಂಗಸರ ಸಂಖ್ಯೆಯು ಗಂಡಸರದಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟಿದೆ. ಒಂದು ದಾಂಪತ್ಯ ಮುರಿದರೆ ಒಬ್ಬ ಗಂಡಸೂ ಒಬ್ಬ ಹೆಂಗಸೂ ಅಲ್ಲವೇ ಬೇರೆಯಾಗುವದು? ಉಳಿದ ಗಂಡಸರು ಎಲ್ಲಿ ಹೋದರು? ಅವರು ಮತ್ತೊಬ್ಬಳ ಕೈಹಿಡಿದು ಮದುವೆಯಾದವರ ಸಾಲಿಗೆ ಸೇರಿಕೊಂಡರು. ಹೆಂಗಸು ತೌರುಮನೆಯ ಮೂಲೆಯಲ್ಲಿ ಉಳಿದಳು. ಅವಳ ವಿಷಯದಲ್ಲಿ ನಾವು ವಿಚ್ಛೇದನವೆಂಬ ಮಾತನ್ನಾಡುವದಿಲ್ಲ; ‘ಗಂಡನ ಮನೆಯಿಂದ ಬಂದಿದ್ದಾಳೆ’ ಎನ್ನುತ್ತೇವೆ. ಬಂದು ಒಂಭತ್ತು ವರ್ಷವಾದರೂ ‘ಬಂದಿದ್ದಾಳೆ’ ಎಂದೇ ಹೇಳುತ್ತೇವೆ.

ನಮ್ಮ ಮತದ ಹೆಸರಿನಿಂದ ಹೆಚ್ಚಳಪಡುವವರು ಇದನ್ನೂ ಕೇಳಲಿ. ಆ ಗಣತಿಯಲ್ಲಿ ದೇಶಕ್ಕೆಲ್ಲಾ ವಿಚ್ಛೇದನವು ಅತಿ ಹೆಚ್ಚಾಗಿ ಕಂಡುಬಂದದ್ದು ಕ್ರೈಸ್ತರೇ ತುಂಬಿರುವ ಮಿಜೋರಾಮಿನಲ್ಲಿ, ಮದುವೆಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರು. ಅಲ್ಲಿಯವರು ನಮಗಿಂತ ಪಾಪಿಗಳೆಂದು ತಿಳಿಯಬೇಡಿರಿ. ಅವರ ಕುಲಾಚಾರದಲ್ಲಿ ಬಿಡುಗಡೆಯು ಪೂರ್ವದಿಂದಲೂ ಸುಲಭ. ಮುರಿದದ್ದನ್ನು ಮುರಿಯಿತೆಂದು ಹೇಳಿಬಿಡುತ್ತಾರೆ. ಆದದರಿಂದ ಈ ಸಂಖ್ಯೆಯು ಪ್ರೀತಿಯನ್ನು ಅಳೆಯುವ ಸೇರಲ್ಲ. ಕಾನೂನು, ಕುಲಾಚಾರ, ಹಣ, ನಾಚಿಕೆ, ಇವುಗಳೂ ಅದರಲ್ಲಿ ಕೂಡಿವೆ.

ನಮ್ಮ ಸೀಮೆಯಲ್ಲಿಯೂ ಇದು ಹೊಸದಲ್ಲ. ಹಳೆಯ ಮೈಸೂರಿನ ಅನೇಕ ಕುಲಗಳಲ್ಲಿ ಯಜಮಾನರ ಮುಂದೆ ಗಂಡಹೆಂಡಿರು ಬಿಡುಗಡೆ ಹೊಂದುತ್ತಿದ್ದರು. ಬಿಟ್ಟವಳೂ ವಿಧವೆಯೂ ಕೂಡಿಕೆಯಾಗುತ್ತಿದ್ದರು. 1955ರ ಹಿಂದೂ ವಿವಾಹ ಕಾಯಿದೆಯು ಸಹ ಇಂಥ ರೂಢಿಯ ಬಿಡುಗಡೆಯನ್ನು ತೆಗೆದುಹಾಕಲಿಲ್ಲ. ಕ್ರೈಸ್ತರ ಮೇಲಾದರೋ 1869ರ ಕಾಯಿದೆಯ ಭಾರವಿತ್ತು. ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿ ಗಂಡನು ಬಿಡುಗಡೆ ಪಡೆಯಬಹುದಾಗಿತ್ತು. ಹೆಂಡತಿಯಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೂರತೆಯನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಸಾಮಾನ್ಯವಾಗಿ ತೋರಿಸಬೇಕಾಗಿತ್ತು. ಬರೀ ಹೊಡೆತ ಸಾಲದು! 2001ರಲ್ಲಿ ಆ ಕಾಯಿದೆಯು ತಿದ್ದಲ್ಪಟ್ಟು ಇಬ್ಬರಿಗೂ ಒಂದೇ ನ್ಯಾಯವಾಯಿತು. ಉಭಯರ ಸಮ್ಮತಿಯಿಂದ ಬೇರೆಯಾಗುವ ದಾರಿಯೂ ಆಯಿತು. ಹೀಗಿರಲಾಗಿ, ನಮ್ಮ ಅಜ್ಜಿಯರ ಕಾಲದಲ್ಲಿ ಒಂದೂ ಇರಲಿಲ್ಲವೆಂಬದು ಅವರ ಸುಖಕ್ಕೆ ಸಾಕ್ಷಿಯಲ್ಲ.

ಈಗ ವಾಕ್ಯಕ್ಕೆ ಬರೋಣ. ಫರಿಸಾಯರು ನಮ್ಮ ಕರ್ತನ ಬಳಿಗೆ ಬಂದು, ಯಾವುದೇ ಕಾರಣಕ್ಕಾಗಿ ಹೆಂಡತಿಯನ್ನು ಬಿಡಬಹುದೋ ಎಂದು ಕೇಳಿದರು. ಆ ಕಾಲದಲ್ಲಿ ಯೆಹೂದ್ಯ ಬೋಧಕರಲ್ಲಿ ಎರಡು ಪಂಗಡಗಳಿದ್ದವು. ಶಮ್ಮೈಯ ಪಂಗಡದವರು ಅವಳ ನಡತೆಗೇಡಿನ ಹೊರತು ಬಿಡಬಾರದೆಂದರು. ಹಿಲ್ಲೇಲನ ಪಂಗಡದವರು ಅಡಿಗೆ ಕೆಡಿಸಿದರೂ ಸಾಕೆಂದರು. ಪ್ರಶ್ನೆ ಕೇಳಿದವರೂ ಗಂಡಸರೇ, ಬಿಡುವವರೂ ಗಂಡಸರೇ ಎಂಬದನ್ನು ಗಮನಿಸಿರಿ. ಮೋಶೆಯ ತ್ಯಾಗಪತ್ರವು ಬಿಟ್ಟುಬಿಡಲ್ಪಟ್ಟವಳ ಕೈಯಲ್ಲಿರುವ ಆಧಾರ. ಅದಿಲ್ಲದಿದ್ದರೆ ಅವಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕರ್ತನು ಆ ಅಪ್ಪಣೆಯ ಕಾರಣವನ್ನು ಅವರ ಹೃದಯದ ಕಾಠಿಣ್ಯದಲ್ಲಿಯೇ ತೋರಿಸಿ, ಆದಿಯಲ್ಲಿ ದೇವರು ಇಬ್ಬರನ್ನು ಒಂದಾಗಿ ಮಾಡಿದ್ದನ್ನು ನೆನಪಿಗೆ ತಂದನು. ನಮ್ಮ ಹಳ್ಳಿಗಳಲ್ಲಿ ಪತ್ರವನ್ನೂ ಕೊಡದೆ, ಬಟ್ಟೆಯ ಗಂಟಿನೊಡನೆ ಬಸ್ಸು ಹತ್ತಿಸಿ ಕಳುಹಿಸುವವನು ಆ ಫರಿಸಾಯರಿಗಿಂತ ಕಠಿನನು. ಮಲಾಕಿಯನ 2ನೆಯ ಅಧ್ಯಾಯವನ್ನು ಓದಿರಿ. ಯೌವನದ ಹೆಂಡತಿಗೆ ದ್ರೋಹ ಮಾಡಿದವರ ಕಣ್ಣೀರು ಯಜ್ಞವೇದಿಯನ್ನು ತೋಯಿಸಿದರೂ ಅವರ ಕಾಣಿಕೆಯು ಅಂಗೀಕಾರವಾಗಲಿಲ್ಲ.

ಹೃದಯವು ಇಲ್ಲಿ ಯಾವ ಯಾವ ಕಾರಣಗಳಿಂದ ಕಠಿನವಾಗುತ್ತದೆ? ಹಿಂದೆ ಈ ಸೀಮೆಯಲ್ಲಿ ಗಂಡಿನವರೇ ತೆರ ಕೊಡುತ್ತಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ಕಬ್ಬಿನ ಹಣ ಕೈಗೆ ಬಂತು. 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ವಾಸಿಸಿ ಅಭ್ಯಾಸಮಾಡಿದ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದುಷಿಯು 1970ರಲ್ಲಿ ತಿರುಗಿ ಬಂದಾಗ, ರೈತರಲ್ಲಿ ತೆರದ ಸ್ಥಳಕ್ಕೆ ವರದಕ್ಷಿಣೆಯು ಬರುತ್ತಿರುವದನ್ನು ಕಂಡಳು. ಈ ಬದಲಾವಣೆಯು ಚಿಕ್ಕದಲ್ಲ. ತೆರ ಕೊಟ್ಟು ತಂದವಳನ್ನು ಬಿಟ್ಟರೆ ಗಂಡನಿಗೆ ನಷ್ಟ. ವರದಕ್ಷಿಣೆ ತಂದವಳನ್ನು ಬಿಟ್ಟರೆ ಎರಡನೆಯ ವರದಕ್ಷಿಣೆಯ ಆಸೆ. ಕ್ರೈಸ್ತರು ಇದನ್ನು ‘ಉಡುಗೊರೆ’ ಎಂದು ಕರೆದು ಸಮಾಧಾನಪಟ್ಟುಕೊಳ್ಳುತ್ತಾರೆ. ವಿವಾಹಪ್ರಕಟನೆ ಓದುವ ಸಭಾಪಾಲಕರು ಬೈಕಿನ ಬೆಲೆಯನ್ನು ವಿಚಾರಿಸುವರೋ?

ಕುಡಿತದ ವಿಷಯ ಎಲ್ಲರೂ ಬಲ್ಲಿರಿ. 2007ರಲ್ಲಿ ಸಾರಾಯಿ ನಿಂತರೂ ಬಾಟಲಿ ನಿಲ್ಲಲಿಲ್ಲ. ಹೆಣ್ಣುಮಗು ಹುಟ್ಟಿತೆಂದು ಬಾಣಂತಿಯನ್ನು ತಿರುಗಿ ಕರೆತರದವರೂ ಇದ್ದಾರೆ. 2023ರ ಅಂತ್ಯದಲ್ಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಯಂತ್ರವಿಟ್ಟು ನೋಡುತ್ತಿದ್ದದ್ದು ಬೈಲಿಗೆ ಬಂದದ್ದನ್ನು ಮರೆಯಬಾರದು. ಶಿಶುವು ಹೆಣ್ಣಾಗುವದೂ ಗಂಡಾಗುವದೂ ತಂದೆಯ ಬೀಜದಿಂದ ನಿರ್ಣಯವಾಗುತ್ತದೆಂದು ವೈದ್ಯರು ಹೇಳುತ್ತಾರೆ; ತೌರಿಗೆ ಕಳುಹಿಸಲ್ಪಡುವವಳು ಮಾತ್ರ ತಾಯಿ.

ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಸಂಬಳ ಕಂಡದ್ದರಿಂದಲೇ ಮನೆಗಳು ಮುರಿಯುತ್ತವೆಂದು ಕೆಲವರು ದೂರುತ್ತಾರೆ. ಇದು ಅರ್ಧ ಮಾತು. ಸಂಬಳವಿರುವವಳು ಹೊಡೆತವನ್ನು ಬಿಟ್ಟು ಹೊರಡಬಲ್ಲಳು, ಇಲ್ಲದವಳು ಹೊರಡಲಾರಳು. ಮೊದಲನೆಯ ಹೊಡೆತವನ್ನು ಹಾಕಿದ್ದು ಸಂಬಳವಲ್ಲ.

ಹಾಗಾದರೆ ವಿಚ್ಛೇದನವನ್ನು ಹೊಗಳುತ್ತೇವೋ? ಇಲ್ಲ. ಗಂಡನನ್ನು ಅಗಲಿದವಳು ಒಂಟಿಯಾಗಿರಲಿ ಇಲ್ಲವೆ ಸಮಾಧಾನವಾಗಲಿ ಎಂದು ಪೌಲನು ಕೊರಿಂಥದವರಿಗೆ ಬರೆದನು; ನಂಬದವನು ತಾನಾಗಿ ಅಗಲಿಹೋದರೆ ವಿಶ್ವಾಸಿಯು ಬದ್ಧಳಲ್ಲವೆಂದೂ ಅಲ್ಲಿಯೇ ಬರೆದನು. ಈ ಎರಡನೆಯ ಮಾತು ನಮ್ಮಲ್ಲಿ ಹೊಸದಾಗಿ ಮತಕ್ಕೆ ಬಂದವರಿಗೆ ಬಹಳ ತಟ್ಟುವಂಥದು. ಮತಾಂತರದ ನಿಮಿತ್ತ ತೊರೆಯಲ್ಪಟ್ಟವರ ಬಿಡುಗಡೆಗಾಗಿ ಬ್ರಿಟಿಷ್ ಇಂಡಿಯಾದಲ್ಲಿ 1866ರಲ್ಲಿಯೇ ಒಂದು ಕಾಯಿದೆಯಾಗಿತ್ತು. ಸಮಾಧಾನಕ್ಕೆ ಪ್ರಯತ್ನಿಸಿರಿ. ಆದರೆ ಸಮಾಧಾನವೆಂದರೆ ‘ಹೊಂದಿಕೊಂಡು ಹೋಗಮ್ಮ’ ಎಂದು ಅವಳೊಬ್ಬಳಿಗೇ ಹೇಳಿ, ಕುಡುಕನ ಬಾಗಿಲಿಗೆ ಬಿಟ್ಟುಬರುವದಲ್ಲ. ಮೊದಲು ಅವನು ಹಿರಿಯರ ಮುಂದೆ ಕೂತು ಲೆಕ್ಕ ಕೊಡಲಿ.

ಕೊಡದೆ ಹೋದರೆ ದಾರಿಗಳಿವೆ. ವರದಕ್ಷಿಣೆಯನ್ನು ಯಾರು ತೆಗೆದುಕೊಂಡಿದ್ದರೂ ಅದು ಹೆಂಡತಿಗೆ ಸೇರತಕ್ಕದ್ದೆಂದು 1961ರ ಕಾಯಿದೆಯು ಹೇಳುತ್ತದೆ. ವಿಚ್ಛೇದನವಿಲ್ಲದೆಯೇ ಅವಳೂ ಮಕ್ಕಳೂ ಜೀವನಾಂಶವನ್ನು ಕೇಳಬಹುದು. ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯು ವಕೀಲರನ್ನು ಉಚಿತವಾಗಿ ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿ ವಿಚಾರಿಸಿದರೆ ತಿಳಿಯುವದು. ಪ್ರಾಣಭಯವಿದ್ದರೆ 181ಕ್ಕೆ ಫೋನು ಮಾಡಬಹುದು. ಕೋರ್ಟಿನ ಮೆಟ್ಟಲನ್ನು ಒಬ್ಬಳೇ ಹತ್ತುವದು ಅವಳಿಗೆ ಭಯ. ಸಭೆಯ ಸ್ತ್ರೀಸಮಾಜದವರು ಇಬ್ಬರು ಜೊತೆಗೆ ಹೋಗಲಿ, ಬಸ್ಸಿನ ಚಾರ್ಜು ಕಾಣಿಕೆಯ ಹಣದಿಂದ ಕೊಡಲ್ಪಡಲಿ. ಮುಂದಿನ ಕರ್ತನ ಭೋಜನಕ್ಕೆ ಮುಂಚೆ ಹಿರಿಯರು ಮನೆಮನೆಗೆ ಹೋಗುವಾಗ ‘ಬಂದಿರುವವಳ’ ಮನೆಯನ್ನು ದಾಟಿಹೋಗದೆ, ಅವಳ ಅಣ್ಣನನ್ನಲ್ಲ, ಅವಳನ್ನೇ ಕರೆದು ಕೇಳಲಿ: ಒಡವೆ ಯಾರ ಬಳಿಯಲ್ಲಿದೆ? ಮಗುವಿನ ಶಾಲೆಯ ಖರ್ಚನ್ನು ಯಾರು ಕೊಡುತ್ತಾರೆ?