ಅಪ್ಪಟ ಚಿನ್ನ, ಉಳಿದ ಮಣ್ಣು

ಚಿನ್ನಕ್ಕೆ ಮೈಲಿಗೆ ತಾಗದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ರಸಾಯನಶಾಸ್ತ್ರ ಅದನ್ನು ಅರ್ಧ ಒಪ್ಪುತ್ತದೆ: ಚಿನ್ನಕ್ಕೆ ಗಾಳಿಯಲ್ಲಿ ಕಿಲುಬು ಹಿಡಿಯದು, ಸಾಮಾನ್ಯ ಆಮ್ಲದಲ್ಲಿ ಅದು ಕರಗದು. ಆದರೆ ಶುದ್ಧಿ ಎಂಬುದು ವಸ್ತುವಿನೊಳಗೇ ಇರುವ ಗುಣವೋ ಅಥವಾ ಉಳಿದದ್ದನ್ನು ದೂರ ಸರಿಸಿದ ಮೇಲೆ ನಾವು ಕೊಡುವ ಹೆಸರೋ? ಈ ಧಾರ್ಮಿಕ ಪ್ರಶ್ನೆಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂ ಸುತ್ತಲಿನ ನೆಲದಲ್ಲೇ ಸಾಕ್ಷ್ಯವಿದೆ. ಅಲ್ಲಿನ ಗಣಿಗಳಲ್ಲಿ ಬೆಣಚುಕಲ್ಲನ್ನು ಹಿಟ್ಟಾಗಿ ಕುಟ್ಟಿ, ಪಾದರಸಕ್ಕೆ ಸಿಕ್ಕಷ್ಟು ಚಿನ್ನ ತೆಗೆದು, ಉಳಿದ ಹುಡಿಗೆ ಸೈನೈಡ್ ದ್ರಾವಣ ಹಾಯಿಸುತ್ತಿದ್ದರು. 1887ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಕರಗುತ್ತದೆ. ಸತುವು ಅದನ್ನು ದ್ರಾವಣದಿಂದ ಮತ್ತೆ ಹೊರಗೆಳೆಯುತ್ತದೆ. ಸಾಮಾನ್ಯ ಆಮ್ಲಕ್ಕೆ ಸೋಲದ ಲೋಹ ತೆಳು ಸೈನೈಡಿಗೆ ಸೋತಿತೆಂದರೆ, ಅದರ ಅಜೇಯತೆಯೂ ಎದುರಿಗೆ ಯಾರಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಪಠ್ಯಪುಸ್ತಕದಲ್ಲಿ ಈ ಸೈನೈಡ್ ಕ್ರಿಯೆಯ ಸಮೀಕರಣ ಎರಡೂ ಕಡೆ ಸರಿದೂಗುತ್ತದೆ. ಆದರೆ ಕ್ರಿಯೆಯಲ್ಲಿ ಪಾಲ್ಗೊಳ್ಳದ ಕಲ್ಲು ಅದರೊಳಗೆ ಬರುವುದೇ ಇಲ್ಲ. ಒಂದು ಟನ್ ಅದಿರಿನಲ್ಲಿ ಹತ್ತು ಗ್ರಾಂ ಚಿನ್ನ ಸಿಕ್ಕಿತೆನ್ನಿ. 9,99,990 ಗ್ರಾಂ ಹುಡಿ ಉಳಿಯಿತು. ದ್ರವ್ಯ ನಾಶವಾಗದು ಎಂದು ಕಲಿಸುವ ಶಾಸ್ತ್ರವೇ ಆ ಹುಡಿ ಎಲ್ಲಿ ಹೋಯಿತೆಂದು ಕೇಳದೆ ಬಿಟ್ಟರೆ ಅದು ತನ್ನ ಮೊದಲ ನಿಯಮವನ್ನೇ ಮರೆತಂತೆ. ಹುಡಿ ಎಲ್ಲಿಗೂ ಹೋಗಲಿಲ್ಲ, ಊರಿನ ಮಗ್ಗುಲಲ್ಲೇ ಸೈನೈಡ್ ದಿಬ್ಬಗಳಾಗಿ ನಿಂತಿತು.

ಶುದ್ಧ ಮಾಡುವ ಪ್ರತಿ ಕೆಲಸಕ್ಕೂ ಶೇಷವಿರುತ್ತದೆ, ಆ ಶೇಷದ ಹೊಣೆಯನ್ನು ಯಾರದೋ ಹೆಗಲಿಗೆ ಹೊರಿಸಲಾಗುತ್ತದೆ. ಇಲ್ಲಿ ಅದನ್ನು ಹೊತ್ತವರು ಯಾರೆಂಬುದು ಗುಟ್ಟೇನಲ್ಲ. ನೆಲದಡಿ ಇಳಿದು ಬೆಣಚುಕಲ್ಲಿನ ದೂಳು ಕುಡಿದ ಕಾರ್ಮಿಕರಲ್ಲಿ ಬಹುಪಾಲು ತಮಿಳುನಾಡಿನ ಕಡೆಯಿಂದ ಬಂದ ದಲಿತರು. ಅವರ ಸ್ಪರ್ಶ ಮೈಲಿಗೆ ಎಂದವರೇ ಅವರ ಕೈ ದಾಟಿ ಬಂದ ಲೋಹವನ್ನು ದೇವರ ಕೊರಳಿಗೆ ಹಾಕಿದರು. ಮೈಲಿಗೆ ನಿಜಕ್ಕೂ ವಸ್ತುಗುಣವಾಗಿದ್ದರೆ ಚಿನ್ನವೂ ಅದನ್ನು ಹೊತ್ತು ಬರಬೇಕಿತ್ತು. ಇಲ್ಲಿನ ಮರಿಕುಪ್ಪಂ, ಚಾಂಪಿಯನ್ ರೀಫ್ ಗಣಿಗಳ ಕಾರ್ಮಿಕರ ನಡುವೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಯೋತಿದಾಸರ ಬೌದ್ಧ ಚಳವಳಿ ಬೇರೂರಿದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಅವರು ಸಿದ್ಧವೈದ್ಯರೂ ಹೌದು. ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ ಪ್ರಮಾಣದಲ್ಲಿದೆಯೇ ಹೊರತು ಜನ್ಮದಲ್ಲಿಲ್ಲ ಎಂಬುದು ಅವರ ಕಸುಬಿನ ದಿನನಿತ್ಯದ ತಿಳಿವು.

ಧರ್ಮ ಹೇಳುವ ಶುದ್ಧಿ ಮನಸ್ಸಿನದು, ಅದಿರಿನದಲ್ಲ ಎಂಬ ಆಕ್ಷೇಪ ಗಂಭೀರವಾದದ್ದೇ. ಮನಸ್ಸಿನದೇ ಆಗಿದ್ದರೆ ಬಾವಿಗೆ, ಬಿಂದಿಗೆಗೆ, ನೆರಳಿಗೆ ಅದು ಅಂಟುವಂತಿರಲಿಲ್ಲ. ಅದನ್ನು ದ್ರವ್ಯಕ್ಕೆ ಅಂಟಿಸಿದ ಮೇಲೆ ದ್ರವ್ಯಶಾಸ್ತ್ರಕ್ಕೆ ಮಾತಾಡುವ ಹಕ್ಕಿದೆ. ಇನ್ನೊಂದು ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ: ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುತ್ತದೆ, ದಿಬ್ಬದ ಹೆಸರು ಸುಮ್ಮನೆ ಹೆದರಿಸುತ್ತದೆ. ಇದು ನಿಜ, ಮಕ್ಕಳಿಗೆ ಹೇಳಲೇಬೇಕಾದ ನಿಜ. ಆದರೆ ನುಣ್ಣನೆಯ ಸಿಲಿಕಾ ಒಡೆಯುವುದಿಲ್ಲ, ಗಾಳಿ ಎದ್ದಾಗ ಹಾರುತ್ತದೆ. ಹುಡಿಯಲ್ಲಿರುವ ಸಲ್ಫೈಡ್ ಖನಿಜಗಳು ಮಳೆ ಗಾಳಿ ಸೇರಿದಾಗ ಆಮ್ಲ ಹುಟ್ಟಿಸುತ್ತವೆ. ಹೆಸರಿಗೆ ಹೆದರಿ, ಹೆಸರಿಲ್ಲದ್ದನ್ನು ಉಸಿರಾಡುವುದು ಅರೆಬರೆ ಪಾಠದ ಫಲ. ನೀತಿಯನ್ನು ಪ್ರಯೋಗಶಾಲೆಗೆ ತರಬೇಡಿ ಎನ್ನುವ ಅಧ್ಯಾಪಕರಿಗೆ ನನ್ನ ಉತ್ತರ ಇಷ್ಟೇ: ನಾನು ಕೇಳುತ್ತಿರುವುದು ಪೂರ್ತಿ ಲೆಕ್ಕ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ ದಿಬ್ಬದೊಳಗಿನ ಕ್ರಿಯೆ ನಿಂತಿಲ್ಲ. ಊರಿಗಾಂನ ತರಗತಿಯಲ್ಲಿ ಸೈನೈಡ್ ಸಮೀಕರಣ ಬರೆಸುವ ದಿನವೇ, ದಿಬ್ಬದ ಬುಡದಲ್ಲಿ ಮಳೆಗೆ ಹರಿದ ನೀರಿನ ಆಮ್ಲೀಯತೆಯನ್ನೂ ಮಕ್ಕಳು ಅಳೆಯಲಿ. ಎರಡೂ ಒಂದೇ ಪಾಠದ ಭಾಗಗಳು.